ಕಚ್ಚು ಹಾಕಿದ ಬೆಳ್ಳಿ

ಮೊನ್ನೆ ಚಿತ್ರದುರ್ಗದ ಒಂದು ಆಭರಣದ ಅಂಗಡಿಗೆ ಹೋಗಿದ್ದೆ. ನಿವೃತ್ತಿಯಾದಾಗ ಶಾಲೆಯವರು ಕೊಟ್ಟ ಬೆಳ್ಳಿ ತಟ್ಟೆಯನ್ನು ಮಾರುವುದಿತ್ತು. ಯಾವ ಕಷ್ಟ ಬಂತೋ ಎಂದು ಗಾಬರಿಯಾಗಬೇಡಿ. ವರ್ಷಕ್ಕೊಮ್ಮೆ ಅದನ್ನು ಉಜ್ಜಿ ಒರೆಸಿ ಮತ್ತೆ ಬೀರುವಿನಲ್ಲಿ ಮಲಗಿಸುವ ಚಾಕರಿ ಸಾಕಾಗಿತ್ತು, ಅಷ್ಟೆ. ಕೌಂಟರಿನ ಹುಡುಗಿ ತಟ್ಟೆಯನ್ನು ಯಾವುದೋ ಯಂತ್ರದೊಳಗಿಟ್ಟು, ಪರದೆ ನೋಡಿ, "ಬೆಳ್ಳಿ ಚೆನ್ನಾಗಿದೆ ಆಂಟಿ. ಆದ್ರೆ ಕೆತ್ತನೆಗೆ ಏನೂ ಬರಲ್ಲ, ಕರಗಿಸೋ ರೇಟೇ" ಎಂದಳು. ತಟ್ಟೆಯ ಮೇಲೆ ನನ್ನ ಹೆಸರು, ನನ್ನ ಸೇವೆಯ ಹೊಗಳಿಕೆ, ಎರಡು ನವಿಲು ಇದ್ದವು. ಎಲ್ಲ ಸೇರಿ ಸೊನ್ನೆ. ಸಿಟ್ಟು ಬರಬೇಕಿತ್ತು, ಬಂದದ್ದು ಅತ್ತೆಯ ನೆನಪು.

'ಕರಗಿಸೋ ರೇಟು' ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಎಪ್ಪತ್ತರ ದಶಕದಲ್ಲಿ, ಹಿರಿಯೂರಿನ ನನ್ನ ಬಾಡಿಗೆ ಮನೆಯಲ್ಲಿ. ಆಗಷ್ಟೇ ಮೇಡಂ ಆಗಿದ್ದೆ, ಆದ್ದರಿಂದ ನನಗೆ ತಿಳಿಯದ ವಿಷಯವೇ ಇರಲಿಲ್ಲ. ಅತ್ತೆ ಎಂದರೆ ನನ್ನಪ್ಪನ ತಂಗಿ. ಅವಳ ಗಂಡ ಚಿಕ್ಕಜಾಜೂರಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದರು. ಮಾವ ತೀರಿಕೊಂಡ ಮೇಲೆ ರೈಲ್ವೆ ಮನೆ ಖಾಲಿ ಮಾಡಿ, ಒಂದು ಹಸಿರು ಟ್ರಂಕಿನೊಂದಿಗೆ ನನ್ನಲ್ಲಿಗೆ ಬಂದಿದ್ದಳು.

ಆ ಮಾವನದು ವಿಚಿತ್ರ ಗೀಳು. ಬೆಂಕಿಪೊಟ್ಟಣ, ಹಳೆಯ ಟಿಕೆಟ್ಟು, ಬೀಗವಿಲ್ಲದ ಕೀಲಿಕೈ, ಕೂಡಿಡದ ವಸ್ತುವಿಲ್ಲ. ಒಮ್ಮೆ ಪೇಪರಿನ ಜಾಹೀರಾತು ನೋಡಿ ಬೊಂಬಾಯಿಯಿಂದ ಬೆಳ್ಳಿ ಗಟ್ಟಿಗಳನ್ನು ತರಿಸತೊಡಗಿದರು. ಒಂದೊಂದೇ ಗಟ್ಟಿ ಅಂಚೆಯಲ್ಲಿ ಬರುತ್ತಿತ್ತು, ಒಂದೊಂದರ ಮೇಲೂ ಒಂದು ಅವತಾರದ ಚಿತ್ರ. ಹತ್ತೂ ಸೇರಿದ ಮೇಲೆ ಇಡಲು ಮಖಮಲ್ಲಿನ ಪೆಟ್ಟಿಗೆ ಬಂತು. ಗಟ್ಟಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಮಾವ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. "ಉಣ್ಣಂಗಿಲ್ಲ, ತೊಡಂಗಿಲ್ಲ, ಇದೆಂಥ ಬೆಳ್ಳಿ!" ಎಂದು ಅತ್ತೆ ಅವರನ್ನು ಕಿಚಾಯಿಸುತ್ತಿದ್ದಳು.

ಅತ್ತೆಗೆ ಒಂದು ಆಸೆ ಹುಟ್ಟಿತ್ತು. ಬಸ್ ಸ್ಟ್ಯಾಂಡಿನೆದುರು ಒಂದು ಮಳಿಗೆ ಖಾಲಿಯಾಗಿತ್ತು, ಅಲ್ಲಿ ಹೋಟ್ಲು ಇಡಬೇಕು. ಅವಳ ಮೈದುನ ಈರಣ್ಣನಿಗೆ ಬೇರೆ ಯೋಚನೆ. ಯಲ್ಲದಕೆರೆಯ ಅವನ ಮನೆಯಲ್ಲಿ ಕುರಿ ಹಿಂಡು, ಕುರಿ ಕಾಯುವವರು, ಮಕ್ಕಳುಮರಿ ಎಲ್ಲರಿಗೂ ರೊಟ್ಟಿ ಬಡಿಯುವ ಕೈ ಬೇಕಿತ್ತು. ಅವನು ಕೆಟ್ಟವನಲ್ಲ. ಆದರೆ ಆ ಒಲೆಯ ಮುಂದೆ ಒಮ್ಮೆ ಕೂತರೆ ಮತ್ತೆ ಏಳಲಾಗುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ಪಿಂಚಣಿ ಅನ್ನಕ್ಕೆ ಸಾಲುತ್ತಿತ್ತು, ಮಳಿಗೆಯ ಮುಂಗಡಕ್ಕಲ್ಲ.

ನಾನು ಬುದ್ಧಿವಂತೆಯಲ್ಲವೇ! ನಮ್ಮ ಶಾಲೆಯವರೊಬ್ಬರ ಮೂಲಕ ಇಂಥ ಗಟ್ಟಿಗಳನ್ನು ಸಂಗ್ರಹಿಸುವ ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರನ್ನು ಪತ್ತೆ ಹಚ್ಚಿದೆ. ಪೂರ್ತಿ ಸೆಟ್ಟು ಪೆಟ್ಟಿಗೆಯ ಸಮೇತ ಇದ್ದರೆ ಬೆಳ್ಳಿಯ ಬೆಲೆಯ ಎರಡರಷ್ಟು ಕೊಡುತ್ತೇನೆ ಎಂದರು ಅವರು. ಮುಂಗಡ ಕಟ್ಟಲು ಅಷ್ಟೇ ಬೇಕಿತ್ತು. ಮಳಿಗೆಯ ಯಜಮಾನರು ಬುಧವಾರ ಸಂಜೆಯವರೆಗೆ ಕಾಯಲು ಒಪ್ಪಿದರು. ಅದೇ ಬುಧವಾರ ಬೆಳಗ್ಗೆ ಈರಣ್ಣನೂ ಬಂದು ಕೂತ. "ಸಾಯಂಕಾಲದ ಬಸ್ಸಿಗೆ ಹೋಗಾಣ ಅತ್ತಿಗೆ" ಎಂದವನೇ ಟ್ರಂಕನ್ನು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಹೊರಟುಬಿಟ್ಟ. ಅತ್ತೆ ಬೆಳ್ಳಿಯ ಪೆಟ್ಟಿಗೆಯನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಂಡಿದ್ದಳು.

ಮಧ್ಯಾಹ್ನ ದಾವಣಗೆರೆಯ ವ್ಯಾಪಾರಿ ಬಂದರು. "ಬರ್ರಿ, ಕುಂತ್ಕಳ್ರಿ" ಎಂದು ಅತ್ತೆ ಚಾಪೆ ಹಾಸಿ, ಪೆಟ್ಟಿಗೆಯನ್ನು ಎದುರಿಗಿಟ್ಟಳು. ಅವರು ಕೈ ಒರೆಸಿಕೊಂಡು ಮುಚ್ಚಳ ತೆಗೆದರು. ಒಂದು ಗಟ್ಟಿ ಎತ್ತಿದರು, ಕೆಳಗಿಟ್ಟರು, ಇನ್ನೊಂದು ಎತ್ತಿದರು. ಬಗ್ಗಿ ನೋಡಿದೆ. ಹತ್ತೂ ಗಟ್ಟಿಗಳ ಮೂಲೆಯಲ್ಲಿ ಉಳಿಯಿಂದ ಹೊಡೆದ ಆಳವಾದ ಕಚ್ಚು.

"ಯಾರಮ್ಮ ಹಿಂಗ್ ಮಾಡಿದ್ದು?"

"ನಾನೇ ಮಾಡ್ಸಿದ್ದು. ನಿನ್ನೆ ಆದಿವಾಲಕ್ಕೆ ಹೋಗಿ ನಮ್ಮ ಆಚಾರಿ ಕೈಲಿ ಹಾಕಿಸ್ಕಂಡ್ ಬಂದೆ. ನೋಡ್ರಿ, ಒಳಗೂ ಬೆಳ್ಳಿನೇ ಐತೆ" ಎಂದಳು ಅತ್ತೆ, ಹೆಮ್ಮೆಯಿಂದ.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಆದಿವಾಲ ನಮ್ಮೂರು, ನಮ್ಮದು ಕುರಿ ಸಾಕುವ ಮಂದಿ. ಕುರಿ ಮಾರಿದ ದುಡ್ಡು ಬೆಳ್ಳಿ ಕಡಗವಾಗುತ್ತಿತ್ತು, ಬೇಕಾದಾಗ ಕಡಗ ಮತ್ತೆ ದುಡ್ಡಾಗುತ್ತಿತ್ತು. ಒಳಗೆ ತಾಮ್ರ ತುಂಬಿ ಮೇಲೆ ಬೆಳ್ಳಿ ಹೊದಿಸುವ ಮೋಸಗಾರರಿದ್ದರಲ್ಲ, ಅದಕ್ಕೇ ಮಾರುವ ಮೊದಲು ಮನೆಯವರೇ ಕಚ್ಚು ಹಾಕಿಸಿ ಒಳಗನ್ನು ತೋರಿಸಬೇಕು. ಕೊಳ್ಳುವವನು ತಾನಾಗಿ 'ಕಚ್ಚು ಹಾಕಿ' ಎಂದರೆ ಮನೆತನಕ್ಕೇ ಅವಮಾನ. ನಾನೂ ಇದನ್ನು ನೋಡುತ್ತಲೇ ಬೆಳೆದವಳು. ಆದರೆ ಕಡಗದ ಪದ್ಧತಿ ಮಾವನ ಅವತಾರಗಳಿಗೂ ತಗಲುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ವ್ಯಾಪಾರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದು ಗೀರು ಬಿದ್ದಿದ್ರೂ ನಾನು ಹಿಂದೆಮುಂದೆ ನೋಡ್ತಿದ್ದೆ ತಾಯಿ. ಇನ್ನು ಇದು ಸೆಟ್ಟಲ್ಲ, ಬರೀ ಬೆಳ್ಳಿ. ಕರಗಿಸೋ ರೇಟು ಕೊಡಬಹುದು, ಅದರಾಗೂ ಕರಗಿಸುವಾಗ ಹೋಗೋ ಸವಕಳಿ ಅಂತ ಸ್ವಲ್ಪ ತೂಕ ಕಳೀಬೇಕು" ಎಂದರು. ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖದಲ್ಲಿದ್ದ ಹೆಮ್ಮೆ ಹೇಗೆ ಇಳಿಯಿತೆಂದು ಬರೆಯಲು ನನಗೆ ಇವತ್ತಿಗೂ ಕಷ್ಟ. ನನಗೆ ಅವಳ ಮೇಲೆ ಸಿಟ್ಟು ಬಂತು, ಮರುಕ್ಷಣ ಅಳು ಬಂತು.

ಅವಳು ಮಾತ್ರ ಪೆಟ್ಟಿಗೆ ಮುಚ್ಚಿ ಎದ್ದಳು. "ಕರಗ್ಸಾದಾದ್ರೆ ಈ ಊರ ಪ್ಯಾಟೆಯಾಗೂ ಅಂಗಡಿ ಅವೆ. ಕಾಪಿ ಕುಡ್ದು ಹೋಗ್ರಿ."

ಪೇಟೆಯ ಬೆಳ್ಳಿ ಅಂಗಡಿಯವನು ಕಚ್ಚುಗಳನ್ನು ನೋಡಿ ಮೆಚ್ಚಿ ತಲೆಯಾಡಿಸಿ, ಸವಕಳಿ ಹಿಡಿಯದೆ ತೂಗಿದ. ಮೀನು, ಆಮೆ, ಹಂದಿ, ಸಿಂಹ ಎಲ್ಲ ಒಂದೇ ತಕ್ಕಡಿಯಲ್ಲಿ ಬಿದ್ದವು. ಖಾಲಿ ಪೆಟ್ಟಿಗೆಯನ್ನು ಅತ್ತೆ ಅಲ್ಲೇ ಬಿಟ್ಟಳು. ಕೈಗೆ ಬಂದದ್ದು ಮುಂಗಡದ ಅರ್ಧ.

ಮಳಿಗೆಗೆ ಬಂದಾಗ ಯಲ್ಲದಕೆರೆಯ ಬಸ್ಸು ಎದುರಿಗೇ ನಿಂತಿತ್ತು. ಹಸಿರು ಟ್ರಂಕು ಆಗಲೇ ಬಸ್ಸಿನ ತಲೆಯ ಮೇಲೆ. ಈರಣ್ಣ ಕಿಟಕಿಯಿಂದ ಕೈ ಬೀಸುತ್ತಿದ್ದ. ಯಜಮಾನರು ದುಡ್ಡು ನೋಡಿ, "ಅರ್ಧಕ್ಕೆ ಆಗಲ್ಲವ್ವ, ಸೈಕಲ್ ಶಾಪಿನವ್ರು ಕೇಳ್ತಾ ಅವ್ರೆ" ಎಂದರು. ಡ್ರೈವರ್ ಹಾರನ್ ಒತ್ತಿದ.

"ಒಳಗಿನ ಜಾಗ ಅವ್ರಿಗೇ ಕೊಡ್ರಿ. ನನಗೆ ಜಗಲಿ ಕೊಡ್ರಿ."

"ಜಗಲಿ ಮ್ಯಾಲೆ ಹೋಟ್ಲೇನವ್ವ?"

"ಒಲೆಗೆ ಎಷ್ಟು ಜಾಗ ಬೇಕು ಅಂತ ನನಗೊತ್ತೈತೆ."

ಯಜಮಾನರು ಜಗಲಿಯನ್ನು ನೋಡಿದರು, ಅವಳನ್ನು ನೋಡಿದರು. ಬಸ್ಸು ಮೆಲ್ಲಗೆ ಜರುಗಿತು. ಕೊನೆಗೆ ಅವರು ಕೈಚಾಚಿ ದುಡ್ಡು ತೆಗೆದುಕೊಂಡದ್ದೇ ತಡ, ಅತ್ತೆ ರಸ್ತೆಗೆ ಓಡಿ ಬಸ್ಸಿನ ಮೈಯನ್ನು ಅಂಗೈಯಿಂದ ಬಡಿದಳು. "ಏ ಕಂಡಕ್ಟ್ರೇ, ನಿಲ್ಲುಸ್ರಿ! ಆ ಹಸಿರು ಟ್ರಂಕು ಇಳಿಸ್ರಿ!"

ಕತೆ ಇಲ್ಲಿಗೇ ಸುಖವಾಗಿ ಮುಗಿಯಿತು ಎನ್ನುವ ಮನಸ್ಸು ನಿಮಗಿರಬಹುದು, ನನಗಿಲ್ಲ. ಆ ಜಗಲಿ ಪಡುವಣಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ಕಳೆದರೆ ಬಿಸಿಲು ನೇರ ಒಲೆಯ ಮೇಲೆ. ಒಳಗಿನ ನೆರಳಿನಲ್ಲಿ ಸೈಕಲ್‌ಗಳು ತಣ್ಣಗೆ ನಿಂತಿರುತ್ತಿದ್ದವು, ಹೊರಗೆ ಅತ್ತೆ ಬೋಂಡಾ ಕರಿಯುತ್ತ ಬೇಯುತ್ತಿದ್ದಳು. ಕೈ ತುಂಬ ವ್ಯಾಪಾರವಾಯಿತು, ಯಾರ ಹಂಗೂ ಇರಲಿಲ್ಲ. ಆದರೆ ಕೊನೆಯವರೆಗೂ ಒಳಗೆ ಹೋಗಲಾಗಲಿಲ್ಲ. ಪ್ರಾಮಾಣಿಕತೆಗೆ ಬೆಲೆ ಕಟ್ಟಲಾಗದು ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದ ನನಗೆ ಅದರ ಬೆಲೆ ಗೊತ್ತಿತ್ತು: ಅರ್ಧ ಅಂಗಡಿ. ಅತ್ತೆಯೇನೂ ದೊಡ್ಡ ಮಾತು ಆಡುತ್ತಿರಲಿಲ್ಲ. "ಕಚ್ಚು ಹಾಕಿಸ್ದೆ ಇದ್ದಿದ್ರೆ ಒಳಗ್ ಕುಂತಿರ್ತಿದ್ದೆ ಕಣವ್ವ" ಎಂದು ಬೆವರು ಒರೆಸಿಕೊಂಡು ಮುಂದಿನ ಬೋಂಡಾ ಬಿಡುತ್ತಿದ್ದಳು.

ತಟ್ಟೆಯ ದುಡ್ಡನ್ನು ಪರ್ಸಿಗೆ ಹಾಕಿಕೊಂಡು ಅಂಗಡಿಯಿಂದ ಹೊರಬಂದಾಗ ಸಂಜೆ ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆಯಂಚಿನಲ್ಲಿ ಒಬ್ಬಳು ತಳ್ಳುಗಾಡಿಯ ಮುಂದೆ ನಿಂತು, ಸೆರಗಿನಿಂದ ಒಂದು ಕೆನ್ನೆ ಮರೆಮಾಡಿಕೊಂಡು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಅವಳಿಗೊಂದು ದೊಡ್ಡ ಛತ್ರಿ ಕೊಡಿಸೋಣವೇ ಎನಿಸಿತು. ಕೇಳಲು ಬಾಯಿ ಬರಲಿಲ್ಲ, ಕೇಳಿದ್ದರೆ ಬೈಸಿಕೊಳ್ಳುತ್ತಿದ್ದೆ. ಬಿಸಿಲು ಬರುವ ಕಡೆಗೆ ಹೋಗಿ, ಅದಕ್ಕೆ ಬೆನ್ನು ಮಾಡಿ ನಿಂತು ಒಂದು ಪ್ಲೇಟು ಕೇಳಿದೆ. ನನ್ನ ಈ ದಪ್ಪ ದೇಹದ ನೆರಳು ಅವಳ ಮುಖವನ್ನು ಪೂರ್ತಿ ಮುಚ್ಚಿತು. ಅವಳು ಸೆರಗು ಬಿಟ್ಟಳು. ಹೊಟ್ಟೆ ತುಂಬಿದ್ದರೂ ಇನ್ನೊಂದು ಪ್ಲೇಟು ಹೇಳಿ, ನಿಧಾನವಾಗಿ ತಿನ್ನತೊಡಗಿದೆ.