ಹಮೀದ್ ಆಡದ ಆಟ

ಮೂಡುಬಿದಿರೆಯಲ್ಲಿ ನಾವಿರುವ ಮನೆಯ ಹಿಂದೆ ಒಂದು ಶಾಲೆಯ ಮೈದಾನವಿದೆ. ಕಳೆದ ತಿಂಗಳು ಅಲ್ಲಿ ಮಕ್ಕಳ ಫುಟ್ಬಾಲ್ ಪಂದ್ಯ ನಡೆದಾಗ ಒಬ್ಬ ಎಳೆಯ ಮಾಸ್ಟ್ರ ಕೈಗೆ ಮೈಕು ಕೊಟ್ಟಿದ್ದರು. ನಾನು ಹಿಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಮೈಕಿನಲ್ಲಿ ಚೆಂಡು ಗಾಳಿಯಲ್ಲಿ ತೇಲುತ್ತಿತ್ತು, ಒಬ್ಬನನ್ನು ದಾಟುತ್ತಿತ್ತು, ಗೋಲಿನತ್ತ ನುಗ್ಗುತ್ತಿತ್ತು. ನನ್ನ ಕಣ್ಣಿಗೆ ಕಾಣುತ್ತಿದ್ದ ಚೆಂಡು ಮಾತ್ರ ನಮ್ಮ ಕಾಂಪೌಂಡಿನ ಪಕ್ಕದ ಚರಂಡಿಯಲ್ಲಿ ಬಿದ್ದಿತ್ತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

ನನ್ನ ಹೆಂಡತಿ ಬಾಗಿಲಿಗೆ ಬಂದು, "ಎಂತಾಯ್ತು ನಿಮಗೆ?" ಎಂದಳು.

"ಎಂತದಿಲ್ಲ. ಒಬ್ಬ ಮಾಸ್ಟ್ರು ಮೈಕಿನಲ್ಲಿ ಸುಳ್ಳು ಹೇಳ್ತಾ ಇದ್ದಾರೆ."

"ಮಾಸ್ಟ್ರುಗಳು ಸುಳ್ಳು ಹೇಳ್ಲಿಕ್ಕಿಲ್ಲಪ್ಪ" ಎಂದು ಅವಳು ಒಳಗೆ ಹೋದಳು. ಮೂವತ್ತೈದು ವರ್ಷ ಮಾಸ್ಟ್ರಾಗಿದ್ದ ನಾನು ಕಾಫಿಯ ಕಡೆಗೆ ತಿರುಗಿದೆ. ಫುಟ್ಬಾಲಿನ ವಿಷಯದಲ್ಲಿ ಸುಳ್ಳು ಹೇಳಿದವರನ್ನು ಸಾಲಾಗಿ ನಿಲ್ಲಿಸಿದರೆ ಆ ಎಳೆಯ ಮಾಸ್ಟ್ರು ನನ್ನ ಹಿಂದೆ ಬಹಳ ದೂರ ನಿಲ್ಲಬೇಕಾಗುತ್ತದೆ. ಆ ಕಥೆಯನ್ನು ನಿಮಗೆ ಹೇಳುತ್ತೇನೆ. ಆದರೆ ಮೊದಲು ಹಮೀದನ ಪರಿಚಯವಾಗಬೇಕು.

ಹಮೀದ್ ಪಾಣೆಮಂಗಳೂರಿನವನು. ಅವನ ತಂದೆ ನೇತ್ರಾವತಿಯಲ್ಲಿ ಸಾಮಾನು ಸಾಗಿಸುವ ದೋಣಿ ನಡೆಸುತ್ತಿದ್ದು, ಹಮೀದ್ ಚಿಕ್ಕವನಿರುವಾಗಲೇ ತೀರಿಕೊಂಡಿದ್ದರು. ಅವನು ಉಮ್ಮ ಎನ್ನುತ್ತಿದ್ದ ತಾಯಿ ಬೀಪಾತುಮ್ಮ ಬೀಡಿ ಕಟ್ಟಿ ಮಗನನ್ನು ಸಾಕಿದವರು. ನಾನು ಹೊಳೆಯ ಈಚೆಯ ಬಂಟ್ವಾಳದವನು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು, ಒಂದೇ ತಂಡ. ನಾನು ಗೋಲಿ, ಅಂದರೆ ಗೋಲು ಕಾಯುವವನು. ಓಡಲಾರದವನನ್ನು ಗೋಲಿಗೆ ನಿಲ್ಲಿಸುವುದು ಆಗಿನ ಕ್ರಮ. ಹಮೀದ್ ಹಾಫ್. ಈಗ ಮಿಡ್‌ಫೀಲ್ಡರ್ ಎನ್ನುತ್ತಾರಲ್ಲ, ಅದನ್ನೇ ನಾವು ಆಗ ಹಾಫ್ ಎನ್ನುತ್ತಿದ್ದೆವು. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸುವ ಕೆಲಸ. ಎಲ್ಲರಿಗಿಂತ ಹೆಚ್ಚು ಓಡಬೇಕು, ಆದರೆ ಗೋಲು ಹೊಡೆದವನ ಕೊರಳಿಗೆ ಹಾರ.

ಕೊಯ್ಲು ಮುಗಿದ ಗದ್ದೆಯಲ್ಲಿ ನಮ್ಮ ಆಟ. ಕೂಳೆ ಚುಚ್ಚಿ ನಮ್ಮ ಪಾದಗಳೆಲ್ಲ ತೂತಾಗುತ್ತಿದ್ದವು. ಹಮೀದನಿಗೆ ಮಾತ್ರ ಕೂಳೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಅವನು ಕೆಳಗೆ ನೋಡುತ್ತಿರಲಿಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಅದು ಯಾರ ಕಡೆಗೆ ಹೋಗಬೇಕೆಂದು ಅವನಿಗೆ ತಿಳಿದಿರುತ್ತಿತ್ತು. "ನೀನೇ ಒಮ್ಮೆ ಹೊಡೆದುಬಿಡು ಮಾರಾಯ, ಗೋಲು ಎದುರೇ ಉಂಟು" ಎಂದು ನಾನು ಹಿಂದಿನಿಂದ ಬೊಬ್ಬೆ ಹೊಡೆಯುತ್ತಿದ್ದೆ. ಅವನು ಪಕ್ಕದವನಿಗೆ ಕೊಟ್ಟುಬಿಡುತ್ತಿದ್ದ. ಆಮೇಲೆ ಕೇಳಿದರೆ, "ಅವ ನನಗಿಂತ ಒಳ್ಳೆ ಜಾಗದಲ್ಲಿ ಇದ್ದ" ಎನ್ನುತ್ತಿದ್ದ, ಅಷ್ಟೆ.

ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರ ತಂಡಕ್ಕೆ ಅವನು ಸೇರಿದ್ದು ಹಾಗೆ, ಅಲ್ಲಿಂದ ಬೊಂಬಾಯಿಯ ಬಟ್ಟೆ ಮಿಲ್ಲಿನ ತಂಡಕ್ಕೆ ಹೋದದ್ದು ಹಾಗೆ. ಬೊಂಬಾಯಿಯಲ್ಲಿ ಅವನಿಗೆ ಮೊದಲು ಎದುರಾದ ಶತ್ರು ಬೂಟು. ಬರಿಗಾಲಿನ ಕಾಲ ಮುಗಿಯುತ್ತ ಬಂದಿತ್ತು. "ಬೂಟು ಹಾಕಿದರೆ ಚೆಂಡು ಯಾರದೋ ಮನೆಯ ನೆಂಟನ ಹಾಗೆ ಆಗ್ತದೆ, ಗುರುತೇ ಸಿಗುವುದಿಲ್ಲ" ಎಂದು ಕಾಗದ ಬರೆದಿದ್ದ. ಒಂದು ಇಡೀ ಮಳೆಗಾಲ ಅವನನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಕೋಣೆಯೊಳಗೂ ಬೂಟು ಬಿಚ್ಚದೆ ತಿರುಗಾಡಿ, ಕಾಲಿನ ಬೊಕ್ಕೆಗಳೆಲ್ಲ ಒಣಗಿ ಚರ್ಮ ದಪ್ಪವಾಗುವ ಹೊತ್ತಿಗೆ ಚೆಂಡಿನ ಗುರುತು ಮತ್ತೆ ಸಿಕ್ಕಿತು. ಮೂರನೆಯ ವರ್ಷ ಬಂದ ಕಾಗದ ಇಷ್ಟೇ ಇತ್ತು: "ದೇಶದ ತಂಡಕ್ಕೆ ಹೆಸರು ಬಂದಿದೆ. ಹೊರದೇಶದವರೊಂದಿಗೆ ಕಲ್ಕತ್ತೆಯಲ್ಲಿ ಆಟ. ಉಮ್ಮನಿಗೆ ಓದಿ ಹೇಳು."

ನಮ್ಮ ಜಿಲ್ಲೆ ಆಗಷ್ಟೇ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತ್ತು. ಪಾಣೆಮಂಗಳೂರಿನಲ್ಲಿ ಆ ವಾರ ಮಾತ್ರ ಯಾರೂ ಆ ವಿಷಯ ಮಾತಾಡಲಿಲ್ಲ. ನೇತ್ರಾವತಿಯ ಸೇತುವೆಯ ಈಚೆ, ಆಚೆ, ಸಂತೆಯಲ್ಲಿ, ಮಸೀದಿಯ ಎದುರು, ಎಲ್ಲ ಕಡೆ ಹಮೀದನದೇ ಸುದ್ದಿ. ಬಂಟ್ವಾಳದಲ್ಲಿ ಅಕ್ಕಿ ವ್ಯಾಪಾರದ ಅರಿಗರು ಎಂಬ ಜೈನ ಹಿರಿಯರಿದ್ದರು. ಅವರ ಮನೆಯಲ್ಲಿ ಬ್ಯಾಟರಿಯ ರೇಡಿಯೋ ಇತ್ತು. "ಎಲ್ಲ ನಮ್ಮಲ್ಲಿಗೆ ಬನ್ನಿ, ಕೂತು ಕೇಳುವ" ಎಂದು ಅವರೇ ಹೇಳಿ ಕಳಿಸಿದರು. ಆದರೆ ರೇಡಿಯೋ ಮಾತಾಡುವುದು ಇಂಗ್ಲಿಷಿನಲ್ಲಿ. ಬಂದವರಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಹೊಸದಾಗಿ ಮಾಸ್ಟ್ರಾಗಿದ್ದ ನಾನೊಬ್ಬನೇ. ಬಲ್ಲವನು ಎಂಬುದು ಊರಿನ ಅಭಿಪ್ರಾಯ. ನನಗೆ ಗೊತ್ತಿದ್ದದ್ದು ಪಾಠಪುಸ್ತಕದ ಇಂಗ್ಲಿಷ್, ಅದೂ ನಿಧಾನಕ್ಕೆ ಓದಿದರೆ.

ಚಾವಡಿಯಲ್ಲಿ ನಲವತ್ತು ಐವತ್ತು ಜನ. ಒಳಬಾಗಿಲಿನ ಆಚೆ ಅರಿಗರ ಹೆಂಡತಿಯ ಪಕ್ಕದಲ್ಲಿ ಬೀಪಾತುಮ್ಮ, ಮಡಿಲಲ್ಲಿ ಬೀಡಿಯ ಎಲೆ ತುಂಬಿದ ಗೆರಸೆ. ನನಗೆ ರೇಡಿಯೋದ ಪಕ್ಕದಲ್ಲೇ ಒಂದು ಕುರ್ಚಿ. ಇಂಥ ಮರ್ಯಾದೆ ನನ್ನ ಮದುವೆಯಲ್ಲೂ ಸಿಗಲಿಲ್ಲ.

ಕರಕರ ಸದ್ದಿನ ನಡುವೆ ರೇಡಿಯೋದವನು ಹನ್ನೊಂದು ಹೆಸರು ಓದಿದ. ಹೆಸರು ತಿಳಿಯಲು ಇಂಗ್ಲಿಷ್ ಬೇಡವಲ್ಲ. ಹಮೀದನ ಹೆಸರು ಅದರಲ್ಲಿ ಇರಲಿಲ್ಲ. ಆಗೆಲ್ಲ ನಡುವೆ ಆಳು ಬದಲಿಸುವ ಪದ್ಧತಿ ಇರಲಿಲ್ಲ. ಶುರುವಿನಲ್ಲಿ ಇಲ್ಲದವನು ಕೊನೆಯವರೆಗೂ ಇಲ್ಲ.

"ಉಂಟಾ ನಮ್ಮ ಹಮೀದ್?" ಎಂದು ಅರಿಗರು ಕೇಳಿದರು.

ಐವತ್ತು ಜನ ನನ್ನ ಮುಖ ನೋಡುತ್ತಿದ್ದರು. ಇಲ್ಲ ಎನ್ನುವ ಶಬ್ದ ತುಂಬ ಚಿಕ್ಕದು. ಅದು ನನ್ನ ಬಾಯಿಂದ ಹೊರಡಲಿಲ್ಲ.

"ಉಂಟು" ಎಂದೆ.

ಚಾವಡಿ ಒಮ್ಮೆ ಗುಲ್ಲೆಂದಿತು. ಆಮೇಲೆ ನನಗೆ ಹಿಂದೆ ಬರುವ ದಾರಿ ಉಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಯಾರಾದರೂ, "ಹಮೀದ್ ಎಂತ ಮಾಡ್ತಿದ್ದಾನೆ ಮಾಸ್ಟ್ರೇ?" ಎನ್ನುತ್ತಿದ್ದರು. ನಾನು ಅವನ ಕಾಲಿಗೆ ಚೆಂಡು ಕೊಡುತ್ತಿದ್ದೆ. ಪಾಸು ಕೊಡಿಸಿದೆ, ಎದುರಾಳಿಯ ಕಾಲಿನಿಂದ ಚೆಂಡು ಕಸಿಯಿಸಿದೆ. "ಹೆಸರು ಹೇಳುದು ಕೇಳುದಿಲ್ಲ ಅಲ್ವಾ?" ಎಂದು ಒಬ್ಬರು ಅನುಮಾನ ಪಟ್ಟಾಗ, "ಇಂಗ್ಲಿಷಿನಲ್ಲಿ ಆಟದ ನಡುವೆ ಹೆಸರು ಹೇಳುವ ಕ್ರಮ ಇಲ್ಲ, ಲೆಫ್ಟ್ ಹಾಫ್ ಅಂತ ಹೇಳ್ತಾರೆ" ಎಂದೆ. ಅಷ್ಟರಲ್ಲೇ ರೇಡಿಯೋದವನು ಲೆಫ್ಟ್ ಹಾಫ್ ಎಂದ. ಜನ ಚಪ್ಪಾಳೆ ತಟ್ಟಿದರು. ನನಗೂ ಹುರುಪು ಹತ್ತಿತು. ದ್ವಿತೀಯಾರ್ಧದಲ್ಲಿ ಹಮೀದ್ ಒಬ್ಬೊಬ್ಬರಾಗಿ ಮೂರು ಜನರನ್ನು ದಾಟಿ, ಬಿದ್ದು, ಎದ್ದು, ಬಿದ್ದಲ್ಲಿಂದಲೇ ಪಾಸು ಕೊಟ್ಟ. ಗೋಲು ಹೊಡೆಸಲಿಲ್ಲ. ಅಷ್ಟು ಭಯ ನನಗಿತ್ತು.

ರಂಜಾನಿಗೆ ಹಮೀದ್ ಊರಿಗೆ ಬಂದ. ಬಸ್ಸಿನಿಂದ ಇಳಿಯುತ್ತಲೇ ಹಾರ, ವಾದ್ಯ, ಸೇತುವೆಯ ಮೇಲೆ ಮೆರವಣಿಗೆ. ಅರಿಗರು ಶಾಲು ಹೊದೆಸಿ, "ಬಿದ್ದಲ್ಲಿಂದ ಪಾಸು ಕೊಟ್ಟೆಯಲ್ಲ ಮಗಾ, ಅದನ್ನು ಸಾಯುವವರೆಗೆ ಮರೆಯುವುದಿಲ್ಲ" ಎಂದರು. ಹಮೀದ್ ನಗುತ್ತ ನಿಂತಿದ್ದ. ಅವನ ಕಣ್ಣು ಗುಂಪಿನಲ್ಲಿ ನನ್ನನ್ನು ಹುಡುಕುತ್ತಿತ್ತು. ನಾನು ಒಬ್ಬ ದಪ್ಪ ಮನುಷ್ಯನ ಹಿಂದೆ ನಿಂತಿದ್ದೆ.

ಮರುದಿನ ಬೆಳಿಗ್ಗೆ ಹೊಳೆಯ ಬದಿಯಲ್ಲಿ ಸಿಕ್ಕಿಬಿದ್ದೆ.

"ನಾನು ಆ ದಿನ ಬೆಂಚಿನಲ್ಲಿ ಕೂತಿದ್ದೆ ಮಾರಾಯ. ಕಾಲಿಗೆ ಹುಲ್ಲು ಸಹ ತಾಗ್ಲಿಲ್ಲ. ನೀನು ಎಂತ ಮಾಡಿಸಿದ್ದಿ ನನ್ನ ಕೈಲಿ?"

ನಾನು ಎಲ್ಲವನ್ನೂ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಸುಲಭವಿತ್ತು. ಅವನು ನೀರು ನೋಡುತ್ತ ಕೂತ.

"ಆಡ್ಲಿಲ್ಲ ಅಂತ ಉಮ್ಮನಿಗೆ ಹೇಳುವ ಅಂತ ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ. ನಿನ್ನೆ ಉಮ್ಮ ನನ್ನ ತಲೆ ಮುಟ್ಟಿ ಅತ್ತಳು. ಇನ್ನು ಹೇಗೆ ಹೇಳುದು?"

ಅವನೇ ಮರಳು ಕೊಡವಿ ಎದ್ದ. "ನೀನು ಹೇಳಿ ಆಯ್ತು. ಇನ್ನು ಅದನ್ನು ನಿಜ ಮಾಡ್ಲಿಕ್ಕೆ ಓಡ್ಬೇಕಾದವ ನಾನು. ಏಳು, ಚೆಂಡು ಹಿಡಿ."

ಆ ರಜೆಯಿಡೀ ಹೊಳೆಯ ಮರಳಿನಲ್ಲಿ ಅವನು ಓಡಿದ. ಉಪವಾಸದ ದಿನಗಳಲ್ಲೂ ನಸುಕಿಗೇ ಬಂದು, ಬಿಸಿಲೇರುವ ಮೊದಲು ಮುಗಿಸುತ್ತಿದ್ದ. ನಾನು ಚೆಂಡು ಎಸೆಯುತ್ತಿದ್ದೆ. ಮರಳಲ್ಲಿ ಓಡುವುದೆಂದರೆ ನಾಲ್ಕು ಹೆಜ್ಜೆಗೆ ಒಂದು ಹೆಜ್ಜೆ ಫಲ. ಒಂದು ದಿನ ಅವನು ನಿಜವಾಗಿಯೂ ಬಿದ್ದು, ಬಿದ್ದಲ್ಲಿಂದಲೇ ನನ್ನ ಕಡೆಗೆ ಚೆಂಡು ತಳ್ಳಿದ. ಬಾಯಿಯ ಮರಳು ಉಗುಳಿ, "ಆಗ್ತದೆ ಮಾರಾಯ. ನೀನು ಅಷ್ಟೇನೂ ಆಗದ್ದನ್ನು ಹೇಳ್ಲಿಲ್ಲ" ಎಂದ. ಅಪರಾಧಿಗೆ ಅದಕ್ಕಿಂತ ದೊಡ್ಡ ಕ್ಷಮೆ ಯಾರು ಕೊಟ್ಟಾರು?

ಎರಡು ವರ್ಷ ಕಳೆದವು. ನನಗೆ ಬೆಳ್ತಂಗಡಿಗೆ ವರ್ಗವಾಗಿತ್ತು. ಮತ್ತೆ ಕಲ್ಕತ್ತೆ, ಮತ್ತೊಂದು ಹೊರದೇಶದ ತಂಡ, ಮತ್ತೆ ಅರಿಗರ ಚಾವಡಿ. ನಾನು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಅರಿಗರು ಶಾಲೆಗೇ ಆಳು ಕಳಿಸಿ ನನ್ನನ್ನು ಬಸ್ಸು ಹತ್ತಿಸಿದರು. ಅದೇ ಕುರ್ಚಿ. ಇಂದು ಏನಿದೆಯೋ ಅದನ್ನೇ ಹೇಳುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು ಎಂದು ನಿಶ್ಚಯಿಸಿ ಕೂತೆ.

ಹೆಸರು ಓದಲು ಶುರುವಾಯಿತು. ಗೋಲಿ, ಬ್ಯಾಕ್, ಇನ್ನೊಬ್ಬ ಬ್ಯಾಕ್. ಆಮೇಲೆ ರೇಡಿಯೋದವನು "ಹ್ಯಾಮಿಡ್" ಎಂದ. ಚಾವಡಿಯಲ್ಲಿ ಯಾರಿಗೂ ಅದು ಹಮೀದ್ ಎಂದು ಹೊಳೆಯಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಒಳಬಾಗಿಲಿನ ಆಚೆಯಿಂದ ಬೀಪಾತುಮ್ಮನ ಧ್ವನಿ ಕೇಳಿತು: "ಅಲ್ಲಾ, ನನ್ನ ಮಗ!"

ಆ ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಡೀ ಆಟದಲ್ಲಿ ಅವನ ಹೆಸರು ಐದಾರು ಬಾರಿ ಬಂದಿರಬೇಕು. ನಮ್ಮವರು ಒಂದು ಗೋಲಿನಿಂದ ಹಿಂದಿದ್ದರು. ಆಟ ಮುಗಿಯಲು ಬಂದಾಗ ಹಮೀದ್ ನಡುವಿನಲ್ಲಿ ಚೆಂಡು ಕಸಿದು, ಎಡಬದಿಗೆ ಉದ್ದಕ್ಕೆ ಕೊಟ್ಟ. ಅಲ್ಲಿದ್ದವನು ಗೋಲು ಹೊಡೆದ. ಸರಿಸಮ. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆನಂತೆ, ನನಗೆ ನೆನಪಿಲ್ಲ.

ಜನರಿಗೆ ಖುಷಿಯಾಯಿತು, ಆದರೆ ತೃಪ್ತಿಯಾಗಲಿಲ್ಲ. "ಅಂದಿನಷ್ಟು ಆಗ್ಲಿಲ್ಲ ಈ ಸಲ" ಎಂದು ಅರಿಗರೂ ತಲೆಯಾಡಿಸಿದರು. "ಅಂದು ಮೂರು ಜನರನ್ನು ದಾಟಿದವ ಇಂದು ಒಬ್ಬನನ್ನೂ ದಾಟ್ಲಿಲ್ಲ ಅಲ್ವಾ?" ನಿಜದ ಗತಿ ನೋಡಿ!

ಜನ ಕರಗಿದ ಮೇಲೆ ಬೀಪಾತುಮ್ಮ ನನ್ನನ್ನು ಹಿಂಬಾಗಿಲಿಗೆ ಕರೆದರು.

"ಇವತ್ತು ಆಡಿದ ಅಲ್ವಾ ಅವ?"

"ಆಡಿದ ಉಮ್ಮ. ಚೆಂದ ಆಡಿದ."

"ಅವತ್ತು ಆಡ್ಲಿಲ್ಲ."

ನಾನು ನೆಲ ನೋಡಿದೆ.

"ನನಗೆ ಇಂಗ್ಲಿಷ್ ಬರುದಿಲ್ಲ ಮಗಾ. ಆದ್ರೆ ನಾನೇ ಇಟ್ಟ ಹೆಸ್ರು ನನಗೆ ಕೇಳುದಿಲ್ವಾ? ಅವತ್ತು ಇಡೀ ಹೊತ್ತು ಕಿವಿ ಕೊಟ್ಟು ಕೂತಿದ್ದೆ. ಒಮ್ಮೆಯೂ ಬರ್ಲಿಲ್ಲ." ಆಮೇಲೆ ಹೇಳಿದರು: "ನೀನು ಸುಳ್ಳು ಹೇಳಿದ್ದು ಪಾಪ. ಆದ್ರೆ ಅಷ್ಟು ಜನ ನನ್ನ ಮಗನಿಗೆ ಚಪ್ಪಾಳೆ ಹೊಡೆದ್ರಲ್ಲ, ಅದು ನನಗೆ ಬೇಕಿತ್ತು. ನನಗೆ ಗೊತ್ತುಂಟು ಅಂತ ಅವನಿಗೆ ಹೇಳ್ಬೇಡ. ನಾಚಿಕೆ ಪಡ್ತಾನೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆಮೇಲೆ ಹಮೀದ್ ನಾಲ್ಕೈದು ವರ್ಷ ದೇಶಕ್ಕೆ ಆಡಿದ. ಹಡಗಿನಲ್ಲಿ, ವಿಮಾನದಲ್ಲಿ ಹೋಗಿ ಬಂದ. ದೇಶದ ಪರವಾಗಿ ಒಂದೂ ಗೋಲು ಹೊಡೆಯಲಿಲ್ಲ. ಯಾರಾದರೂ ಕೇಳಿದರೆ, "ಹೊಡೆದವರಿಗೆ ಚೆಂಡು ಎಲ್ಲಿಂದ ಬಂತು ಅಂತ ಕೇಳಿ" ಎನ್ನುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೂ ಮಿಲ್ಲಿನ ತಂಡದಲ್ಲಿ ಎಳೆಯರಿಗೆ ಕಲಿಸುತ್ತ ಉಳಿದ. ಕೊನೆಗೆ ಪಾಣೆಮಂಗಳೂರಿಗೇ ಬಂದು ನೆಲೆಸಿದ. ಬೀಪಾತುಮ್ಮ ಅವನ ಮಕ್ಕಳನ್ನು ಆಡಿಸಿ, ತುಂಬು ವಯಸ್ಸಿನಲ್ಲಿ ಹೋದರು. ನಾನು ಕೊಟ್ಟ ಮಾತು ನನ್ನಲ್ಲೇ ಇತ್ತು.

ಮೈಕಿನ ಮಾಸ್ಟ್ರನ್ನು ಕೇಳಿ ನಕ್ಕ ಆ ದಿನದಿಂದ ನನಗೆ ಸಮಾಧಾನವಿರಲಿಲ್ಲ. ಮಾತು ಕೊಟ್ಟದ್ದು ಹಮೀದ್ ನಾಚಿಕೆ ಪಡಬಾರದೆಂದು. ಈ ವಯಸ್ಸಿನಲ್ಲಿ ನಮಗಿಬ್ಬರಿಗೂ ಎಂಥ ನಾಚಿಕೆ? ಕಳೆದ ಭಾನುವಾರ ಬಸ್ಸು ಹತ್ತಿ ಹೋದೆ. ಹಮೀದ್ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಉಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಸುತ್ತಿ ಬಳಸದೆ ಹೇಳಿಬಿಟ್ಟೆ.

ಮೊದಲು ಅವನ ಕಣ್ಣಲ್ಲಿ ನೀರು ಬಂತು, ಹಿಂದೆಯೇ ನಗು.

"ಮನೆಗೆ ಬಂದವರಿಗೆಲ್ಲ ಉಮ್ಮ ಆ ಕಥೆ ಹೇಳುತ್ತಿದ್ದಳು ಮಾರಾಯ. ನನ್ನ ಮದುವೆ ಮಾತಿಗೆ ಬಂದವರಿಗೂ ಹೇಳಿದ್ದಳು. ಪ್ರತಿ ಸಲ ನಾನು ಎದ್ದು ಹೊರಗೆ ಹೋಗ್ತಿದ್ದೆ, ಉಮ್ಮನಿಗೆ ಮೋಸ ಮಾಡಿದೆ ಅಂತ. ನೀನು ಹೇಳಿದ್ದು ಮೂರು ಜನರನ್ನು ದಾಟಿದ್ದು. ಉಮ್ಮ ಹೇಳುವಾಗ ಐದು ಜನ ಆಗಿದ್ರು!"

ನಗು ಕೇಳಿ ಸೊಸೆ, ಮೊಮ್ಮಕ್ಕಳು ಹೊರಗೆ ಬಂದರು. ಹಮೀದ್ ಅವರನ್ನೆಲ್ಲ ಕೂರಿಸಿ, "ಕೇಳಿ, ಉಮ್ಮ ಹೇಳ್ತಿದ್ದ ಆ ಕಲ್ಕತ್ತೆಯ ಆಟ ನಾನು ಆಡಿದ್ದಲ್ಲ. ಬೆಂಚಿನಲ್ಲಿ ಕೂತು ನೋಡಿದ್ದು" ಎಂದ.

"ಅಜ್ಜನಿಗೆ ಮರೆವು ಶುರುವಾಯ್ತು" ಎಂದಳು ಮೊಮ್ಮಗಳು.

"ಮರೆವು ಅಲ್ಲ ಮೋಳೇ. ಎಲ್ಲ ನೆನಪುಂಟು. ಯಾರೂ ಕೇಳ್ಲೇ ಇಲ್ಲ." ಅವನು ಕಾಲು ಮಡಚಿ ನೆಟ್ಟಗೆ ಕೂತ. ತನ್ನ ಜಾಗದಲ್ಲಿ ಅಂದು ಆಡಿದವ ಒಬ್ಬ ಕುಳ್ಳ ಮನುಷ್ಯ, ಮಾತು ಕಡಿಮೆ, ಎಡಗಾಲು ಅಂದರೆ ಕೈಯ ಹಾಗೆ, ಎಂದು ಶುರುಮಾಡಿದ. ಆ ಕುಳ್ಳ ಹೇಗೆ ಓಡಿದ, ಎಲ್ಲಿ ಜಾರಿದ, ಎದುರಾಳಿಯ ಉದ್ದ ಕಾಲುಗಳ ನಡುವಿನಿಂದ ಚೆಂಡನ್ನು ಹೇಗೆ ಕಸಿದುಕೊಂಡು ಬಂದ, ಅವನ ಆಟ ನೋಡುತ್ತ ಬೆಂಚಿನಲ್ಲಿ ತನ್ನ ಹೊಟ್ಟೆಕಿಚ್ಚು ಹೇಗೆ ಇಳಿದು ಹೋಯಿತು, ಒಂದೊಂದನ್ನೇ ಹೇಳುತ್ತ ಹೋದ. ಮಕ್ಕಳು ಅಲುಗಾಡದೆ ಕೇಳಿದರು.

ನಾನೂ ಕೇಳಿದೆ. ಅಂದು ರೇಡಿಯೋಗೆ ಕಿವಿ ತಾಗಿಸಿ ಕೂತಿದ್ದವನು ನಾನೇ. ಆದರೆ ಆ ಆಟ ಹೇಗಿತ್ತೆಂದು ನನಗೆ ತಿಳಿದದ್ದು ಅರುವತ್ತು ವರ್ಷಗಳ ಮೇಲೆ, ಕಳೆದ ಭಾನುವಾರ.