ಅರ್ಧ ರೇಟಿಗೆ ಸಿಕ್ಕಿದ ಕ್ರಿಸ್ಮಸ್ ಸಿನಿಮಾ

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಿನಿಮಾ, ಹಾಡುಗಳ ಡಿಸ್ಕ್ ಮಾರುವ ಒಂದು ಅಂಗಡಿ ಇತ್ತು. ಈಗ ಯಾರು ಮಾರಾಯ್ರೆ ಡಿಸ್ಕ್ ತೆಗೊಳ್ಳುದು? ಕಳೆದ ಡಿಸೆಂಬರಿನಲ್ಲಿ ಅಂಗಡಿಯವರು ಅದನ್ನು ಮುಚ್ಚುವವರಿದ್ದರು. "ಎಲ್ಲ ಅರ್ಧ ರೇಟು" ಅಂತ ರಟ್ಟಿನಲ್ಲಿ ಬರೆದು ಬಾಗಿಲಿಗೆ ನೇತುಹಾಕಿದ್ದರು. ಹೊಲಿಗೆಯ ನೂಲು ತರಲಿಕ್ಕೆ ಹೋದವಳು ಸುಮ್ಮನೆ ಒಳಗೆ ಹೊಕ್ಕೆ. ಯಕ್ಷಗಾನದ ಡಿಸ್ಕುಗಳ ರಾಶಿಯ ಅಡಿಯಲ್ಲಿ ಅದು ಸಿಕ್ಕಿತು. ಕಪ್ಪು ಬಿಳುಪಿನ ಹಳೆಯ ಇಂಗ್ಲಿಷ್ ಸಿನಿಮಾ. ಕವರಿನ ಮೇಲೆ ಹಿಮದಲ್ಲಿ ಲಾಟೀನು ಹಿಡಿದು ನಿಂತ ರೈಲ್ವೆ ಗಾರ್ಡು. ರಾಶಿಯಿಂದ ಅದನ್ನು ಎಳೆದು ತೆಗೆದೆ. ಸಂತೋಷದಿಂದಲ್ಲ, ಸಿಟ್ಟಿನಿಂದ.

"ಇನ್ನೂ ಸ್ವಲ್ಪ ಕಡಿಮೆ ಮಾಡಿ" ಅಂದೆ.

"ಅರ್ಧಕ್ಕೆ ಕೊಡುದೇ ನಷ್ಟದಲ್ಲಿ ಅಕ್ಕ. ನೋಡ್ಲಿಕ್ಕೆ ನಿಮ್ಮಲ್ಲಿ ಪ್ಲೇಯರ್ ಆದ್ರೂ ಉಂಟಾ?" ಅಂತ ಅಂಗಡಿಯವರು ಕೇಳಿದರು.

"ಅದು ನಿಮಗೆ ಎಂತಕ್ಕೆ? ರೇಟು ಹೇಳಿ."

ನನ್ನ ಮುಖ ನೋಡಿ ಹೆದರಿದರೋ ಏನೋ, ಇನ್ನಷ್ಟು ಇಳಿಸಿ ಕೊಟ್ಟರು. ನನ್ನ ಹಳೆಯ ಸೇಡು ಅಷ್ಟು ಅಗ್ಗಕ್ಕೆ ಸಿಕ್ಕಿತು.

ಸೇಡು ಯಾರ ಮೇಲೆ ಅಂದರೆ, ದೊಡ್ಡಮ್ಮನ ಮಗಳ ಮೇಲೆ. ನನಗಿಂತ ಸ್ವಲ್ಪ ದೊಡ್ಡವಳು, ಆದ್ದರಿಂದ ಅಕ್ಕ. ನಮ್ಮ ಮನೆ ಕಾಣಿಯೂರಿನಲ್ಲಿ, ಅವರದ್ದು ಪುತ್ತೂರು ಪೇಟೆಯಲ್ಲಿ. ಅವರ ಪಕ್ಕದ ಮನೆಯಲ್ಲಿ ಒಬ್ಬರು ಬಾಯಿ ಇದ್ದರು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುದು. ಕ್ರಿಸ್ಮಸ್‌ಗೆ ಅವರು ಒಂದು ತಟ್ಟೆ ತುಂಬ ಕುಸ್ವಾರ್ ತಿಂಡಿ ಕಳಿಸುತ್ತಿದ್ದರು. ಒಂದು ವರ್ಷ ತಟ್ಟೆಯ ಜೊತೆ ಗಲ್ಫಿನಿಂದ ಬಂದ ಇದೇ ಸಿನಿಮಾದ ಡಿಸ್ಕನ್ನೂ ಕೊಟ್ಟರು. ಅವತ್ತಿನಿಂದ ಪ್ರತಿ ಕ್ರಿಸ್ಮಸ್ ರಜೆಗೆ ಅಮ್ಮ ನನ್ನನ್ನು ದೊಡ್ಡಮ್ಮನ ಮನೆಗೆ ಕರಕೊಂಡು ಹೋಗುವುದು, ತಿಂಡಿ ತಿಂದು ಆ ಸಿನಿಮಾ ನೋಡುವುದು ರೂಢಿಯಾಯಿತು.

ನೋಡುವುದಾದರೂ ಹೇಗೆ? ನಾನು ಚಾಪೆಯಲ್ಲಿ, ಅಕ್ಕ ಸೋಫಾದಲ್ಲಿ ಕಾಲು ಮಡಚಿ, ರಿಮೋಟು ಹಿಡಿದು. ಅವಳು ಇಂಗ್ಲಿಷ್ ಮೀಡಿಯಂ. ನಾನು ಕನ್ನಡ ಶಾಲೆ. ಪರದೆಯ ಮೇಲೆ ಯಾರು ಎಂತ ಹೇಳಿದರೂ ಅವಳೇ ನನಗೆ ಬಿಡಿಸಿ ಹೇಳಬೇಕು. ಅಬ್ಬಬ್ಬಾ, ಆ ಸೊಕ್ಕು! ಕ್ರಿಸ್ಮಸ್ಸಿನ ಹಿಂದಿನ ಸಂಜೆ ಗಾರ್ಡಿನ ರೈಲು ಹಿಮದಲ್ಲಿ ಸಿಕ್ಕಿಬೀಳುತ್ತದೆ. ಜಗಳ ಮಾಡಿ ಮನೆ ಬಿಟ್ಟು ಬಂದಿದ್ದ ಆ ಗಾರ್ಡು, ಮಗಳನ್ನು ನೋಡಲಿಕ್ಕೆ ನಡೆದುಕೊಂಡೇ ಹೊರಡುತ್ತಾನೆ. ಕೊನೆಗೆ ಮನೆ ಮುಟ್ಟುತ್ತಾನೆ. ಬಾಗಿಲು ತಟ್ಟಲಿಕ್ಕೆ ಕೈ ಎತ್ತುತ್ತಾನೆ. ಅಷ್ಟಕ್ಕೆ ಅಕ್ಕ ರಿಮೋಟು ಒತ್ತಿ ಟಿವಿ ಆರಿಸುತ್ತಿದ್ದಳು.

"ನಿಮಗೆ ಬಸ್ಸಿಗೆ ಹೊತ್ತಾಯ್ತು."

ಪ್ರತಿ ವರ್ಷ ಅಲ್ಲಿಗೇ! ನಾವು ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿದರೆ ಬಸ್ಸು ಇನ್ನೂ ಬಂದಿರುತ್ತಿರಲಿಲ್ಲ. ಅಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಇಷ್ಟು ಹೊತ್ತು ಉಂಟಲ್ಲ, ಕೊನೆ ತೋರಿಸಿದರೆ ಅವಳ ಗಂಟು ಎಂತ ಹೋಗ್ತಿತ್ತು ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇವತ್ತು ಇಲ್ಲೇ ನಿಲ್ಲಿ" ಅಂತ ಒಂದು ವರ್ಷವಾದರೂ ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಬಾಗಿಲು ತೆರೀತಾ, ಮಗಳು ಮಾತಾಡಿದಳಾ ಅಂತ ಅಕ್ಕನನ್ನು ಕೇಳಿದರೆ ಕತ್ತು ಕೊಂಕಿಸಿ ಒಂದೇ ಮಾತು: "ನೋಡಿದವರಿಗೆ ಗೊತ್ತು."

ಆ ಮಾತು ಇವತ್ತಿನವರೆಗೂ ನನ್ನ ಕಿವಿಯಲ್ಲಿ ಉಂಟು.

ಈಗ ನಾನು ಪುತ್ತೂರಿನವಳು. ಅಕ್ಕನನ್ನು ಮರ್ಕಂಜಕ್ಕೆ ಮದುವೆ ಮಾಡಿ ಕೊಟ್ಟಿದ್ದಾರೆ. ಬಸ್ಸಿಗೆ ಓಡುವ ಸರದಿ ಈಗ ಅವಳದ್ದು. ಡಿಸ್ಕ್ ತಂದ ದಿನವೇ ಅಟ್ಟದಿಂದ ಪ್ಲೇಯರ್ ಇಳಿಸಿ, ಧೂಳು ಒರೆಸಿ, ಮನೆಯಲ್ಲಿ ಯಾರೂ ಇಲ್ಲದಾಗ ಪೂರ್ತಿ ನೋಡಿದೆ. ಕೊನೆಯನ್ನೂ ನೋಡಿದೆ. ಆಮೇಲೆ ಅವಳಿಗೆ ಫೋನ್ ಮಾಡಿದೆ. "ಅಕ್ಕ, ಕ್ರಿಸ್ಮಸ್ ರಜೆಗೆ ಬಾ. ಆ ಹಳೆಯ ಸಿನಿಮಾ ಸಿಕ್ಕಿದೆ." ಅವಳು ಸಣ್ಣ ಹುಡುಗಿಯ ಹಾಗೆ ಕುಶಿಪಟ್ಟಳು. ಪಡಲಿ ಅಂದುಕೊಂಡೆ.

ಸುಳ್ಯದಿಂದ ಮರ್ಕಂಜಕ್ಕೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಅದನ್ನು ಹಿಡಿಯಲಿಕ್ಕೆ ಪುತ್ತೂರು ಎಷ್ಟು ಹೊತ್ತಿಗೆ ಬಿಡಬೇಕು ಅಂತ ಕಂಡಕ್ಟರನ್ನು ಕೇಳಿ ತಿಳಕೊಂಡೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಊಟದ ಹೊತ್ತು ಇಟ್ಟೆ. ಬಂದ ಕೂಡಲೇ ಬೆಲ್ಲ ನೀರು. ಮತ್ತೆ ಗಡದ್ದಾಗಿ ಕೋಳಿ ಸಾರು ಹಾಕಿದ ಕೋರಿ ರೊಟ್ಟಿ. "ಸಿನಿಮಾ ಹಾಕುವನಾ?" ಅಂತ ಅವಳು ಕೇಳಿದಾಗಲೆಲ್ಲ "ಇರು ಅಕ್ಕ, ಪಾಯಸ ಉಂಟು" ಅಂದೆ. ಪಾಯಸ ಆದ ಮೇಲೆ ಚಾ. ಅಂತೂ ಸಿನಿಮಾ ಶುರುವಾಯಿತು. ಅವಳನ್ನು ಸೋಫಾದಲ್ಲಿ ಕೂರಿಸಿದೆ, ಚಾಪೆ ಹಾಕುವಷ್ಟು ಕೆಟ್ಟವಳು ನಾನಲ್ಲ. ರಿಮೋಟು ಮಾತ್ರ ನನ್ನ ಕೈಯಲ್ಲಿ.

ಹಿಮದಲ್ಲಿ ಗಾರ್ಡು ನಡೆಯುತ್ತಿದ್ದ. ಅಕ್ಕ ಸೋಫಾದ ಅಂಚಿಗೆ ಬಂದು ಕೂತಳು. ಅವನು ಕೈ ಎತ್ತಿದ. ನಾನು ಒತ್ತಿದೆ.

"ಅಕ್ಕ, ನಿನಗೆ ಬಸ್ಸಿಗೆ ಹೊತ್ತಾಯ್ತು."

ಅವಳು ನನ್ನ ಮುಖ ನೋಡಿದಳು. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ, ಬರಲಿಲ್ಲ. "ಬೆಳಿಗ್ಗೆ ಹೋದ್ರೂ ಆಗ್ತದೆ ನನಗೆ" ಅಂತ ಮೆಲ್ಲ ಹೇಳಿದಳು. ನಿಲ್ಲು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಕೂತ ಅಮ್ಮ ಕಣ್ಣೆದುರು ಬಂದರು. ಅವಳ ಚೀಲ ನಾನೇ ಎತ್ತಿಕೊಂಡೆ.

ಸುಳ್ಯದ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಬದಿ ಕೂತು ತಲೆ ಹೊರಗೆ ಹಾಕಿದಳು.

"ಬಾಗಿಲು ತೆರೀತದಾ? ಅಷ್ಟು ಹೇಳು ಮಾರಾಯ್ತಿ."

"ನಿನಗೆ ಗೊತ್ತಿಲ್ವಾ? ನೀನು ಅಷ್ಟು ಸಲ ನೋಡಿದ್ದೀಯಲ್ಲ!"

"ಎಲ್ಲಿ ನೋಡಿದ್ದು? ಆ ಡಿಸ್ಕಿಗೆ ಗೀರು ಬಿದ್ದಿತ್ತು. ಅವನು ಕೈ ಎತ್ತಿದ ಮೇಲೆ ಮುಂದೆ ಹೋಗ್ತಲೇ ಇರ್ಲಿಲ್ಲ. ನಿಮ್ಮೆದುರು ಸಿಕ್ಕಿಕೊಂಡ್ರೆ ಮರ್ಯಾದೆ ಹೋಗ್ತದೆ ಅಂತ ನಾನೇ ಮೊದಲು ಆರಿಸುದು. ಬಸ್ಸಿನ ಸುಳ್ಳು ಹೇಳುದು."

ಇಲ್ಲದ ಕೊನೆಯೊಂದನ್ನು ಇಟ್ಟುಕೊಂಡು ಇವಳು ನನ್ನನ್ನು ಅಷ್ಟು ವರ್ಷ ಆಟ ಆಡಿಸಿದ್ದಳು. ಆ ಗೀರನ್ನು ಮುಚ್ಚಲಿಕ್ಕೆ ನನ್ನಮ್ಮನನ್ನು ಎಬ್ಬಿಸಿ ಹೊರಗೆ ಕಳಿಸಿದ್ದಳು. ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

ಕಂಡಕ್ಟರ್ ವಿಸಿಲ್ ಹೊಡೆದ.

"ಹೇಳು ಮಾರಾಯ್ತಿ, ಬಸ್ಸು ಹೊರಟಿತು. ಬಾಗಿಲು ತೆರೀತಾ?"

"ನೋಡಿದವರಿಗೆ ಗೊತ್ತು" ಅಂದೆ.