ಅಧ್ಯಕ್ಷೆ ಮರಮ್ಮ

ಹಂಪಾಪುರದ ಆಚೆಯ ಒಂದು ಊರಿನ ಹೊಲಗೇರಿಯಲ್ಲಿ ಮರಮ್ಮ ಇದ್ದಳು. ಹತ್ತಿ ಬಿಡಿಸುವ ಕೂಲಿ. ತೊಂಬತ್ತರ ದಶಕದಲ್ಲಿ ಪಂಚಾಯಿತಿ ಅಧ್ಯಕ್ಷರ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾದಾಗ, ಊರಿನ ದೊಡ್ಡ ಜಮೀನುದಾರ ವೀರಭದ್ರಸ್ವಾಮಿಯೇ ಅವಳನ್ನು ನಿಲ್ಲಿಸಿ ಗೆಲ್ಲಿಸಿದ. ತನ್ನ ಹೊಲದ ಆಳು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ ಎಂದು ಅವನ ಲೆಕ್ಕ.

ಒತ್ತಿದಳು ಕೂಡ. ಸಭೆಯಲ್ಲಿ ಬಾಗಿಲ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು.

ಆ ಬೇಸಿಗೆ ಕೇರಿಯ ಬಾವಿ ಬತ್ತಿತು. ಹೊಂಡದ ನೀರು ಕುಡಿದು ಮರಮ್ಮನ ಮೊಮ್ಮಗಳು ವಾಂತಿಭೇದಿಯಾಗಿ ತೀರಿಕೊಂಡಳು. ಮುಂದಿನ ಸಭೆಯಲ್ಲಿ, ಕೇರಿಗೆಂದು ಬಂದ ಪೈಪನ್ನು ವೀರಭದ್ರಸ್ವಾಮಿಯ ತೆಂಗಿನ ತೋಟಕ್ಕೆ ಎಳೆಯುವ ಕಾಗದ ಮುಂದೆ ಬಂತು. ಮರಮ್ಮ ಎದ್ದು ಹೋಗಿ ಅಧ್ಯಕ್ಷರ ಕುರ್ಚಿಯ ಮೇಲೆ ಕೂತಳು.

"ಕೇರಿಗೆ ನೀರು ಬರಾಗಂಟ ನಾನು ಒತ್ತಾಕಿಲ್ಲ ಸ್ವಾಮಿ."

ಮಾರನೆಯ ದಿನದಿಂದ ಕೇರಿಯ ಯಾರನ್ನೂ ಕೂಲಿಗೆ ಕರೆಯಲಿಲ್ಲ. ಅವಳನ್ನು ಇಳಿಸಲು ಅವಿಶ್ವಾಸದ ಸಭೆಯೂ ನಿಗದಿಯಾಯಿತು.

ಮರಮ್ಮ ಮೇಲಿನ ಬೀದಿಯ ಸದಸ್ಯೆ ಜಯಲಕ್ಷ್ಮಮ್ಮನ ಮನೆಗೆ ಹೋಗಿ ಅಂಗಳದಲ್ಲೇ ನಿಂತಳು. ಜಯಲಕ್ಷ್ಮಮ್ಮನ ಬದಲು ಸಭೆಗೆ ಬರುತ್ತಿದ್ದವನು ಅವಳ ಗಂಡ. ಹೆಂಗಸಿನ ಕಷ್ಟ ಹೆಂಗಸಿಗೆ ತಿಳಿಯುತ್ತದೆ ಎಂದು ಮರಮ್ಮ ನಂಬಿದ್ದಳು.

"ನನ್ ಮಾತೂ ಈ ಮನೇಲಿ ನಡೆಯಾಕಿಲ್ಲ ಕಣೆ ಮರಮ್ಮ," ಎಂದಳು ಜಯಲಕ್ಷ್ಮಮ್ಮ ಜಗಲಿಯಿಂದಲೇ. "ನಿಮ್ಮೋರ ಪರ ಕೈ ಎತ್ತುದ್ರೆ ನನ್ನ ಒಳೀಕೆ ಸೇರುಸ್ತಾರಾ?"

ಸಂಜೆ ಕೇರಿಯ ಗಂಡಸರು ಹೊಂಗೆ ಮರದಡಿ ಸೇರಿದರು. ಮೂರು ವಾರದಿಂದ ಯಾರ ಮನೆಯಲ್ಲೂ ಸರಿಯಾಗಿ ಒಲೆ ಹತ್ತಿರಲಿಲ್ಲ. ಮಾತಾಡಿದವನು ಅವಳ ಗಂಡ ದೇವಯ್ಯನೇ.

"ಗಂಡಸ್ರು ನಾವಿಲ್ವಾ? ಹೆಂಗಸು ನಿಂಗ್ಯಾಕೆ ಈ ಉಸಾಬರಿ? ರಾಜೀನಾಮೆ ಬಿಸಾಕ್ಬುಡು."

"ಕೂಸು ಸತ್ತಾಗ ನೀವೆಲ್ಲ ಎಲ್ಲಿದ್ರಿ?" ಎಂದಳು ಮರಮ್ಮ.

ಅವಳು ರಾಜೀನಾಮೆ ಕೊಡಲಿಲ್ಲ. ಅವಿಶ್ವಾಸದ ದಿನ ಅವಳ ವಿರುದ್ಧ ಎಲ್ಲರೂ ಕೈ ಎತ್ತಿದರು. ಅಂದು ಗಂಡನ ಜೊತೆ ತಾನೇ ಬಂದಿದ್ದ ಜಯಲಕ್ಷ್ಮಮ್ಮನೂ ಎತ್ತಿದಳು. ಕೇರಿಯ ಇನ್ನೊಬ್ಬ ಸದಸ್ಯ, ಮರಮ್ಮನ ಸ್ವಂತ ಮೈದುನ ಚಿಕ್ಕಮಾದುವೂ ಎತ್ತಿದ. ಮರಮ್ಮ ಯಾರನ್ನೂ ಬೈಯಲಿಲ್ಲ, ಎದ್ದು ಹೊರಗೆ ಬಂದಳು.

ಪೈಪು ತೋಟಕ್ಕೆ ಹೋಯಿತು. ಕೇರಿಯವರಿಗೆ ಮತ್ತೆ ಕೂಲಿ ಸಿಕ್ಕಿತು, ಅವಳೊಬ್ಬಳನ್ನು ಬಿಟ್ಟು. ಅವಳು ಕೊಡಗಿನ ಕಾಫಿ ತೋಟಗಳಿಗೆ ಆಳು ತುಂಬಿಕೊಂಡು ಹೋಗುವ ಜೀಪು ಹತ್ತತೊಡಗಿದಳು. ಕುಡಿಯುವ ನೀರಿಗೆ ಮಾತ್ರ ಬೇರೆ ದಾರಿ ಇರಲಿಲ್ಲ. ವೀರಭದ್ರಸ್ವಾಮಿಯ ತೋಟದ ಬೇಲಿಯ ಹೊರಗೆ, ಅವನ ಆಳು ಬಂದು ಮೇಲಿನಿಂದ ನೀರು ಸುರಿಯುವವರೆಗೆ, ಕೇರಿಯವರ ಜೊತೆ ಅವಳೂ ಕೊಡ ಹಿಡಿದು ನಿಲ್ಲುತ್ತಿದ್ದಳು.